ಬರೀ ನೋಡಲು ಬಂದವಳು

ನಮ್ಮೂರಿನ ಸೀರೆ ಅಂಗಡಿಯಲ್ಲಿ ಬಿಳಿ ಗಾದಿಯ ಮೇಲೆ ಕುಳಿತು, ನಲವತ್ತು ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ ಏಳುವುದೆಂದರೆ ನನಗೆ ಈಗಲೂ ಸಂಕೋಚ. ‘ಯಜಮಾನರನ್ನ ಕರ್ಕೊಂಡು ಬರ್ತೀನಿ’ ಎಂದು ನೆಪ ಹೇಳಿ ಚಪ್ಪಲಿ ಮೆಟ್ಟುತ್ತೇನೆ. ಹಾಗಾಗಿ ಪ್ಯಾರಿಸ್ಸಿನಲ್ಲಿ ವಸಂತ ಋತುವಿನ ಹೊಸ ಉಡುಪುಗಳನ್ನು ನೋಡಲು ಮಗಳೊಡನೆ ಹೊರಟಾಗ ಎದೆ ಅಳುಕಿತ್ತು. ‘ಒಳಗೆ ಹೋಗ್ತಾ ಬೋಂಜೂರ್ ಅನ್ನಮ್ಮ, ಸಾಕು. ನೋಡೋದಕ್ಕೆ ದುಡ್ಡಿಲ್ಲ’ ಎಂದಳು ಅವಳು.

ನೋಡುವುದಕ್ಕೆ ದುಡ್ಡಿಲ್ಲ ಎನ್ನುವ ಈ ಸ್ವಾತಂತ್ರ್ಯಕ್ಕೂ ಒಂದು ಇತಿಹಾಸವಿದೆ. ಹಿಂದೆ ಅಲ್ಲಿಯೂ ಅಂಗಡಿಯ ಹೊಸ್ತಿಲು ದಾಟಿದವರು ಚೌಕಾಸಿ ಮಾಡಿ ಏನಾದರೂ ಕೊಂಡೇ ಹೋಗಬೇಕೆಂಬ ಭಾವನೆಯಿತ್ತು. ಅರಿಸ್ತೀದ್ ಬೂಸಿಕೊ ಎಂಬಾತ 1852ರಲ್ಲಿ ‘ಬಾನ್ ಮಾರ್ಷೆ’ ಅಂಗಡಿಯ ಪಾಲುದಾರನಾದ. ಬೆಲೆಯನ್ನು ಚೀಟಿಯಲ್ಲಿ ಬರೆದಿಟ್ಟ. ಯಾರು ಬೇಕಾದರೂ ಬಂದು ಮುಟ್ಟಿ ನೋಡಬಹುದು, ಕೊಂಡದ್ದು ಹಿಡಿಸದಿದ್ದರೆ ಹಿಂತಿರುಗಿಸಬಹುದು ಎಂದ. ಆತ 1877ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಮಾರ್ಗರೀತ್ ವ್ಯವಹಾರದ ಹೊಣೆ ಹೊತ್ತಳು. ಬಡತನದಲ್ಲಿ ಬೆಳೆದ ಹೆಣ್ಣುಮಗಳು ಆಕೆ!

ಋತುವಿಗೊಂದು ಹೊಸ ನಮೂನೆ ತೋರಿಸುವ ಪದ್ಧತಿಗೆ ರೂಪ ಕೊಟ್ಟವರಲ್ಲಿ ಮುಖ್ಯನಾದವನು ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಫ್ರೆಡ್ರಿಕ್ ವರ್ತ್. ಅವನು 1858ರಲ್ಲಿ ರ್‍ಯೂ ದ ಲಾ ಪೇ ಬೀದಿಯಲ್ಲಿ ಅಂಗಡಿ ತೆರೆದ. ಅಲ್ಲಿಯವರೆಗೆ ಬಟ್ಟೆ ಒಯ್ದು, ಹೀಗೆ ಹೊಲಿ ಎಂದು ಹೇಳುತ್ತಿದ್ದವಳು ಗಿರಾಕಿ. ಈಗ ನಮೂನೆ ದರ್ಜಿಯದು, ಆರಿಸುವುದಷ್ಟೇ ಇವಳದು.

ಗಾಜಿನ ಕಿಟಕಿಗಳನ್ನು ನೋಡುತ್ತಾ ನಡೆದವಳು ಒಂದು ಕಡೆ ನಿಂತೇಬಿಟ್ಟೆ. ಒಳಗೊಂದು ಶಾಲು, ಮೈತುಂಬ ಮಾವಿನಕಾಯಿ ಬುಟ್ಟಾ! ನಮ್ಮ ಸೆರಗಿನ ಮಾವಿನಕಾಯಿ ಇಲ್ಲಿಗೆ ಹೇಗೆ ಬಂತು?

ಬಂದದ್ದು ಕಾಶ್ಮೀರದಿಂದ. 1798ರಲ್ಲಿ ಈಜಿಪ್ಟಿಗೆ ದಂಡೆತ್ತಿ ಹೋದ ನೆಪೋಲಿಯನ್ನನ ಕಡೆಯವರು ಕಾಶ್ಮೀರಿ ಶಾಲುಗಳನ್ನು ತಂದರು. ಅವನ ಮಡದಿ ಜೋಸೆಫೀನಳಿಗೆ ಅವುಗಳ ಹುಚ್ಚು ಹಿಡಿಯಿತು. ಗ್ರೋ ಎಂಬ ಚಿತ್ರಕಾರ 1809ರ ಸುಮಾರಿಗೆ ಬರೆದ ಚಿತ್ರದಲ್ಲಿ ಆಕೆಯ ನಿಲುವಂಗಿಯೇ ಶಾಲಿನದು. ಮುಂದೆ ಅಗಲವಾದ ಲಂಗಗಳ ಮೇಲೆ ದೊಡ್ಡ ಶಾಲು ಹೊದೆಯುವುದೇ ಅಂತಸ್ತಾಯಿತು. ಜಾಕಾರ್ಡ್ ಮಗ್ಗದಲ್ಲಿ ಫ್ರಾನ್ಸಿನವರು, ಸ್ಕಾಟ್ಲೆಂಡಿನವರು ಅಗ್ಗದ ನಕಲು ನೇಯ್ದರು. ನಮ್ಮ ಮಾವಿನಕಾಯಿಗೆ ಅಲ್ಲಿನ ಪೈಸ್ಲಿ ಎಂಬ ಊರಿನ ಹೆಸರು ಅಂಟಿತು.

ಶ್ರೀನಗರದಲ್ಲಿ ನೇಕಾರರು ಒಂದು ಶಾಲಿಗಾಗಿ ತಿಂಗಳುಗಟ್ಟಲೆ ಕೂರುತ್ತಿದ್ದರು. ಶಾಲಿನ ಮೇಲೆ ಭಾರಿ ತೆರಿಗೆ ಬೇರೆ. 1865ರ ಏಪ್ರಿಲ್ 29ರಂದು ಅದನ್ನು ವಿರೋಧಿಸಿ ಮೆರವಣಿಗೆ ಹೊರಟಾಗ ಸೈನಿಕರು ಮೇಲೆ ಬಿದ್ದರು. 28 ಮಂದಿ ಸತ್ತರೆಂದು ಹೇಳುತ್ತಾರೆ. ಐದು ವರ್ಷವಾಗಲಿಲ್ಲ, ಪ್ಯಾರಿಸ್ಸಿನಲ್ಲಿ ಲಂಗದ ಹಿಂಬದಿಯನ್ನು ಉಬ್ಬಿಸಿ ನೆರಿಗೆ ತೋರಿಸುವ ಫ್ಯಾಷನ್ ಬಂತು. ನೆರಿಗೆಯನ್ನು ಮುಚ್ಚುವ ಶಾಲು ಯಾರಿಗೆ ಬೇಕು? 1870–71ರ ಯುದ್ಧವೂ ಸೇರಿ ವ್ಯಾಪಾರ ಮುರಿದುಬಿತ್ತು. 1877–79ರ ಬರಗಾಲ ಬಂದಾಗ ಕೆಲಸವಿಲ್ಲದ ನೇಕಾರರ ಕೈಯಲ್ಲಿ ಕಾಸಿರಲಿಲ್ಲ. ಬಹಳ ಜನ ಹಸಿವಿನಿಂದ ಸತ್ತರು.

ಆ ಶಾಲನ್ನು ಮುಟ್ಟಿ ನೋಡಿ, ಬೆಲೆಚೀಟಿ ಓದಿ, ‘ಮೆರ್ಸಿ’ ಎಂದು ಹೊರಬಂದೆ. ಯಾರೂ ಮುಖ ಗಂಟಿಕ್ಕಲಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಅಂಗಡಿಯಲ್ಲಿ ಕೈಮಗ್ಗದ ಇಳಕಲ್ ಸೀರೆ ಕೇಳಿದೆ. ‘ಈಗ ಅದನ್ನ ಯಾರು ಕೇಳ್ತಾರಕ್ಕ, ಫ್ಯಾಷನ್ ಹೋಯ್ತು’ ಎನ್ನುತ್ತಾ ಹುಡುಗ ಅಟ್ಟದಿಂದ ಎರಡು ಸೀರೆ ಇಳಿಸಿ ಧೂಳು ಕೊಡವಿದ. ಅವನನ್ನು ದೂರುವುದು ಹೇಗೆ? ನಾನೇ ಕೇಳಿ ಹತ್ತು ವರ್ಷವಾಗಿತ್ತು. ಅಂದು ಮಾತ್ರ ಯಜಮಾನರ ನೆಪ ಹೇಳಲಿಲ್ಲ.