ಇನ್ವರ್ಟೇಸ್: ಸಕ್ಕರೆ ಒಡೆಯುವ ಕಿಣ್ವದ ಚರಿತ್ರೆ

ಚಾಕೊಲೇಟ್ ಚಿಪ್ಪಿನೊಳಗೆ ಚೆರ್ರಿ ಹಣ್ಣು ಪಾಕದಲ್ಲಿ ತೇಲುವ ಮಿಠಾಯಿಯೊಂದಿದೆ. ಆ ಪಾಕವನ್ನು ಒಳಗೆ ಯಾರೂ ಸುರಿದಿರುವುದಿಲ್ಲ. ಹಣ್ಣಿಗೆ ಮೆತ್ತುವ ಗಟ್ಟಿ ಸಕ್ಕರೆಯ ಮುದ್ದೆಗೆ ಇನ್ವರ್ಟೇಸ್ ಎಂಬ ಕಿಣ್ವವನ್ನು ತುಸು ಬೆರೆಸಿ, ಮೇಲೆ ಚಾಕೊಲೇಟ್ ಹೊದಿಸಿ ಇಡುತ್ತಾರೆ. ವಾರವೋ ಎರಡು ವಾರವೋ ಕಳೆಯುವಷ್ಟರಲ್ಲಿ ಕಿಣ್ವವು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಈ ಜೋಡಿ ಸುಕ್ರೋಸಿಗಿಂತ ಸುಲಭವಾಗಿ ಕರಗುವುದರಿಂದ ಮುದ್ದೆ ತಾನಾಗಿಯೇ ಪಾಕವಾಗುತ್ತದೆ.

ಈ ಕಿಣ್ವದ ಚರಿತ್ರೆ ಶುರುವಾದದ್ದು ಯೀಸ್ಟಿನಿಂದ. ಹುದುಗುವ ಮುನ್ನ ಯೀಸ್ಟು ಸಕ್ಕರೆಯನ್ನು ಒಡೆಯುತ್ತದೆಂದು ಫ್ರಾನ್ಸಿನ ಡುಬ್ರನ್‌ಫೋ 1840ರ ದಶಕದಲ್ಲೇ ಕಂಡುಕೊಂಡಿದ್ದ. 1860ರಲ್ಲಿ ಬರ್ತೆಲೋ ಯೀಸ್ಟಿನ ಸಾರಕ್ಕೆ ಆಲ್ಕೋಹಾಲ್ ಬೆರೆಸಿ ಕಿಣ್ವವನ್ನು ಬೇರ್ಪಡಿಸಿದ. ಜೀವಕೋಶ ಇಲ್ಲದಿದ್ದರೂ ಅದು ಕೆಲಸ ಮಾಡಿತು. ಹುದುಗುವಿಕೆಗೆ ಬದುಕಿರುವ ಕೋಶವೇ ಬೇಕೆಂದು ಪಾಶ್ಚರ್ ವಾದಿಸುತ್ತಿದ್ದ ಕಾಲವದು.

ವಿಜ್ಞಾನಿಗಳು ಇದರ ಬೆನ್ನು ಹತ್ತಲು ಕಾರಣ ಅಳತೆಯ ಸೌಕರ್ಯ. ಸುಕ್ರೋಸಿನ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಒಡೆದ ಮಿಶ್ರಣ ಎಡಕ್ಕೆ. ಪೋಲಾರಿಮೀಟರಿನಲ್ಲಿ ಕೋನ ನೋಡಿದರೆ ಕ್ರಿಯೆ ಎಲ್ಲಿಗೆ ಬಂತೆಂದು ಆ ಕ್ಷಣವೇ ಗೊತ್ತಾಗುತ್ತದೆ. ಇಂಗ್ಲೆಂಡಿನ ಬರ್ಟನ್ ಊರಿನ ಬಿಯರ್ ಕಾರ್ಖಾನೆಯ ರಸಾಯನಜ್ಞರಾದ ಒ'ಸಲಿವನ್ ಮತ್ತು ಟಾಂಪ್ಸನ್ 1890ರಲ್ಲಿ ಇನ್ನೊಂದು ಸಂಗತಿ ಗಮನಿಸಿದರು: ಸಕ್ಕರೆ ಜೊತೆಗಿದ್ದರೆ ಈ ಕಿಣ್ವ ಸುಮಾರು 25 ಡಿಗ್ರಿ ಹೆಚ್ಚಿನ ಶಾಖವನ್ನೂ ತಾಳಿಕೊಳ್ಳುತ್ತದೆ. ಅಂದರೆ ಕಿಣ್ವವೂ ಸಕ್ಕರೆಯೂ ಒಂದನ್ನೊಂದು ಹಿಡಿದುಕೊಂಡಿರಬೇಕು. ಆ ಊಹೆಗೆ ಗಣಿತದ ರೂಪ ಕೊಡಲು ವಿಕ್ಟರ್ ಆನ್ರಿ 1903ರಲ್ಲಿ ಯತ್ನಿಸಿದ. 1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೋರ್ ಮೈಕೇಲಿಸ್ ಮತ್ತು ಕೆನಡಾದಿಂದ ಬಂದ ಮಾಡ್ ಮೆಂಟನ್ ದ್ರಾವಣದ ಆಮ್ಲೀಯತೆಯನ್ನು ಸ್ಥಿರವಾಗಿಟ್ಟು ಅದೇ ಪ್ರಯೋಗವನ್ನು ಅಚ್ಚುಕಟ್ಟಾಗಿ ಮಾಡಿದರು. ಜೀವರಸಾಯನ ಓದುವ ಪ್ರತಿ ವಿದ್ಯಾರ್ಥಿಯೂ ಇಂದು ಕಲಿಯುವ ಮೈಕೇಲಿಸ್–ಮೆಂಟನ್ ಸಮೀಕರಣ ಇನ್ವರ್ಟೇಸಿನ ಕೊಡುಗೆ.

ಉದ್ಯಮ ಮಾತ್ರ ಇದಕ್ಕೆ ಅಷ್ಟು ಸುಲಭವಾಗಿ ಮಣೆ ಹಾಕಲಿಲ್ಲ. ಆಮ್ಲವೂ ಸಕ್ಕರೆಯನ್ನು ಒಡೆಯಬಲ್ಲದು, ಅದೂ ಅಗ್ಗವಾಗಿ. 1916ರಲ್ಲಿ ನೆಲ್ಸನ್ ಮತ್ತು ಗ್ರಿಫಿನ್ ಇದ್ದಿಲಿಗೆ ಅಂಟಿಕೊಂಡ ಇನ್ವರ್ಟೇಸ್ ಕೂಡ ಕೆಲಸ ಮಾಡುತ್ತದೆಂದು ತೋರಿಸಿದ್ದರು. ಅದಕ್ಕೆ ಬೆಲೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಗಂಧಕಾಮ್ಲ ಸಿಗದೆ ಬ್ರಿಟನ್ನಿನ ಟೇಟ್ ಅಂಡ್ ಲೈಲ್ ಕಂಪನಿ ಮೂಳೆ ಇದ್ದಿಲಿಗೆ ಕಿಣ್ವ ಹಿಡಿಸಿ ಸಿರಪ್ ತಯಾರಿಸಿತು. ಅಂಟಿಸಿದ ಕಿಣ್ವದ ಮೊದಲ ಕಾರ್ಖಾನೆಯೆಂಬ ಹೆಸರನ್ನು ಪಠ್ಯಗಳು 1969ರ ಜಪಾನಿಗೆ ಕೊಡುತ್ತವೆ; ಯುದ್ಧಕಾಲದ ಈ ಪ್ರಯೋಗಕ್ಕೂ ಅದರಲ್ಲಿ ಪಾಲು ಸಲ್ಲಬೇಕು.

ಗಿಡಗಳಲ್ಲಿ ಇದೇ ಕಿಣ್ವ ತಲೆನೋವು. ಶೀತಲಗೃಹದಲ್ಲಿಟ್ಟ ಆಲೂಗಡ್ಡೆಯಲ್ಲಿ ಇದರಿಂದ ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚಿ, ಚಿಪ್ಸ್ ಕರಿದಾಗ ಕಪ್ಪಾಗುತ್ತದೆ. ಕಬ್ಬಿನಲ್ಲಂತೂ ನಷ್ಟ ನೇರವಾದದ್ದು. ಕಡಿದು ಬಿಸಿಲಲ್ಲಿ ಬಿದ್ದ ಜಲ್ಲೆಯೊಳಗೆ ಇನ್ವರ್ಟೇಸ್ ಚುರುಕಾಗುತ್ತದೆ. ಹರಳಾಗಬೇಕಿದ್ದ ಸಕ್ಕರೆ ಒಡೆದು ಕಾಕಂಬಿಯ ಪಾಲಾಗುತ್ತದೆ. ಮಿಲ್ಲಿನಲ್ಲಿ ಇಳುವರಿ ಕುಸಿಯುವುದಕ್ಕೂ, ಹಳಸಿದ ಕಬ್ಬಿನಿಂದ ಮಾಡಿದ ಆಲೆಮನೆಯ ಅಚ್ಚುಬೆಲ್ಲ ಗಟ್ಟಿಯಾಗಿ ನಿಲ್ಲದೆ ಜಿನುಗುವುದಕ್ಕೂ ಇದೊಂದು ಮುಖ್ಯ ಕಾರಣ.