ಮೆಸೇಜ್ ಬಂತಾ?

ಹೊಸ ಮೆಸೇಜ್ ಬಂತಾ ಅಂತ ಬ್ರೌಸರು ಸರ್ವರಿನ ಬಾಗಿಲನ್ನು ಮತ್ತೆ ಮತ್ತೆ ಬಡಿಯುತ್ತಿದ್ದ ಕಾಲವೊಂದಿತ್ತು. ಉತ್ತರ ಬರೋವರೆಗೂ ಬಾಗಿಲಲ್ಲೇ ಕಾದು ಕೂರುವಂಥ ಉಪಾಯಗಳಿಗೆ 2006ರಲ್ಲಿ ಅಲೆಕ್ಸ್ ರಸೆಲ್ ‘ಕಾಮೆಟ್’ ಅಂತ ಹೆಸರಿಟ್ಟರು. ಆಮೇಲೆ ಎರಡೂ ಕಡೆಯವರು ಮಾತಾಡಬಲ್ಲ ವೆಬ್‌ಸಾಕೆಟ್ ಬಂತು. ಬಂತು ಅನ್ನೋಷ್ಟರಲ್ಲಿ, 2010ರ ಡಿಸೆಂಬರಿನಲ್ಲಿ, ಭದ್ರತೆಯ ಲೋಪ ಕಂಡು ಮೊಜಿಲ್ಲಾದವರು ಫೈರ್‌ಫಾಕ್ಸ್ 4ರಲ್ಲಿ ಅದನ್ನು ಆಫ್ ಮಾಡಿದರು! ಅದೇ ವರ್ಷ ಗಿಲೆರ್ಮೊ ರೌಚ್ ಬರೆದ ಸಾಕೆಟ್.ಐಒ ಜನಕ್ಕೆ ಹಿಡಿಸಿದ್ದು ಇದಕ್ಕೇ: ವೆಬ್‌ಸಾಕೆಟ್ ಸಿಕ್ಕರೆ ಸರಿ, ಇಲ್ಲಾಂದ್ರೆ ಹಳೇ ದಾರಿ. 2011ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 6455 ಬಂದು ವೆಬ್‌ಸಾಕೆಟ್ ಪಕ್ಕಾ ಆಯ್ತು.

ಈಗಿನ ಬ್ರೌಸರುಗಳಲ್ಲೆಲ್ಲ ಅದಿದೆ. ಆದರೂ ಚಾಟ್‌ಗೆ ನಾನು ಸಾಕೆಟ್.ಐಒ ಅನ್ನೇ ಆರಿಸ್ತೀನಿ. ರೈಲಿನಲ್ಲಿ ನೆಟ್ ಹೋಗಿ ಬಂದಾಗ ತಾನೇ ಮತ್ತೆ ಕನೆಕ್ಟ್ ಆಗುತ್ತಲ್ಲ, ಅದಕ್ಕೆ. ಬರೀ ಕ್ರಿಕೆಟ್ ಸ್ಕೋರ್ ತೋರಿಸೋದಾದರೆ ಯಾವ ಲೈಬ್ರರಿಯೂ ಬೇಡ, ಬ್ರೌಸರಿನಲ್ಲೇ ಇರುವ ಈವೆಂಟ್‌ಸೋರ್ಸ್ ಸಾಕು.