ಪಾರ್ಟು ಸಿಗೋ ತನಕ ಗಾಡಿ ಹೊಸದೇ

ಎರಡನೇ ಮಹಾಯುದ್ಧದ ಕಾಲದ ಫೋರ್ಡ್ ಜೀಪು ಎಲ್ಲಾದರೂ ಕಣ್ಣಿಗೆ ಬಿದ್ದರೆ ಒಂದು ಕೆಲಸ ಮಾಡಿ. ಬಗ್ಗಿ ಅದರ ಬೋಲ್ಟುಗಳ ತಲೆ ನೋಡಿ. ತುಕ್ಕು ಒರೆಸಿದರೆ ಕೆಲವುದರ ಮೇಲಾದರೂ ಪುಟ್ಟದೊಂದು 'ಎಫ್' ಅಕ್ಷರ ಕಾಣುತ್ತೆ. ಫೋರ್ಡ್ ಕಂಪನಿ ತಾನು ಮಾಡಿದ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯನ್ನೂ ಬಿಡದೆ, ತನ್ನ ಹೆಸರಿನ ಮೊದಲ ಅಕ್ಷರ ಒತ್ತುತ್ತಿತ್ತು. ಅಷ್ಟೊಂದು ಹಟ ಯಾಕೆ? ಯಾಕಂದ್ರೆ ಆ ಜೀಪಿನ ವಿನ್ಯಾಸ ಫೋರ್ಡ್‌ದಲ್ಲ, ವಿಲ್ಲೀಸ್ ಕಂಪನಿಯದ್ದು. ಇಬ್ಬರೂ ಒಂದೇ ಗಾಡಿ ಮಾಡಬೇಕು, ಇವನ ಆಕ್ಸಲ್ ಅವನ ಗಾಡಿಗೆ, ಅವನ ಗೇರ್‌ಬಾಕ್ಸ್ ಇವನ ಗಾಡಿಗೆ ಅಡ್ಡಿಯಿಲ್ಲದೆ ಕೂರಬೇಕು ಅನ್ನೋದು ಅಮೆರಿಕದ ಸೇನೆಯ ಷರತ್ತು. ಹೀಗೆ ಕಲಸಿಹೋದ ಮೇಲೆ ಯಾವುದು ಯಾರದ್ದು ಅಂತ ಹೇಳೋಕೆ ಬಹಳಷ್ಟು ಭಾಗಗಳಲ್ಲಿ ಉಳಿದದ್ದು ಆ ಒಂದಕ್ಷರ.

ಜೀಪಿನ ಚರಿತ್ರೆಯನ್ನು ಸಾಮಾನ್ಯವಾಗಿ ಶೌರ್ಯದ ಕಥೆಯಾಗಿ ಹೇಳ್ತಾರೆ. ಬೆಟ್ಟ ಹತ್ತಿತು, ಹೊಳೆ ದಾಟಿತು, ಯುದ್ಧ ಗೆಲ್ಲಿಸಿತು. ನನಗೆ ಅದಕ್ಕಿಂತ ಆ ಷರತ್ತಿನ ಕಥೆಯೇ ದೊಡ್ಡದು ಅನ್ನಿಸುತ್ತೆ. ಎಂಬತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದ ಗಾಡಿಗೆ ಇವತ್ತಿಗೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಾರ್ಟು ಹುಡುಕಬಹುದು ಅಂದ್ರೆ, ಅದರ ಬೇರು ಅಲ್ಲಿದೆ.

1940ರ ಜುಲೈನಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆಯಿತು. ಹಗುರವಾದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಬೇಕು, ಮೊದಲ ಮಾದರಿಗೆ 49 ದಿನ ಟೈಮು. ನಮ್ಮ ಆಫೀಸುಗಳಲ್ಲಿ ಇಂಥ ಡೆಡ್‌ಲೈನ್ ಬಂದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಅಲ್ಲೂ ಹಾಗೇ ಆಯ್ತು. ಬಹುತೇಕರು ಉತ್ತರಿಸಲೇ ಇಲ್ಲ. ಮುಳುಗುವ ಸ್ಥಿತಿಯಲ್ಲಿದ್ದ ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ್ನು ಹಿಡಿದು ತಂದು ನಕ್ಷೆ ಬರೆಸಿತು, ಸೆಪ್ಟೆಂಬರಿನಲ್ಲಿ ಗಾಡಿ ಒಪ್ಪಿಸಿತು. ಸೇನೆಗೆ ಗಾಡಿ ಹಿಡಿಸಿತು, ಆದರೆ ಇಷ್ಟು ಚಿಕ್ಕ ಕಂಪನಿ ಲಕ್ಷಗಟ್ಟಲೆ ಗಾಡಿ ಮಾಡೀತು ಅನ್ನೋ ನಂಬಿಕೆ ಬರಲಿಲ್ಲ. ಬ್ಯಾಂಟಮ್‌ನ ನಕ್ಷೆಗಳನ್ನು ವಿಲ್ಲೀಸ್‌ಗೂ ಫೋರ್ಡ್‌ಗೂ ತೋರಿಸಿತು. ಕೊನೆಗೆ ಗೆದ್ದದ್ದು ವಿಲ್ಲೀಸ್. ಅದಕ್ಕೆ ಕಾರಣ 'ಗೋ ಡೆವಿಲ್' ಎಂಬ 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ನು. 1941ರ ಕೊನೆಯಲ್ಲಿ ಫೋರ್ಡ್ ಅದೇ ಗಾಡಿಯನ್ನು ಮಾಡಲು ಒಪ್ಪಿತು. ಯುದ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ಬ್ಯಾಂಟಮ್‌ಗೆ ಸಿಕ್ಕಿದ್ದು ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡೋ ಕೆಲಸ. ನ್ಯಾಯವೇನಲ್ಲ ಅದು, ಆದರೆ ನಡೆದದ್ದು ಹಾಗೆ.

ಒಂದೇ ಪಾರ್ಟಿಗೆ ವಿಲ್ಲೀಸ್ ತನ್ನದೊಂದು ನಂಬರು ಕೊಟ್ಟಿತ್ತು, ಫೋರ್ಡ್ ತನ್ನದೊಂದು. ಸೇನೆಯ ಬಿಡಿಭಾಗಗಳ ಪಟ್ಟಿ ಎರಡನ್ನೂ ಹೊಂದಿಸಿ ಹೇಳುತ್ತಿತ್ತು. ಜಿ-503 ಅನ್ನೋದು ಆ ಪಟ್ಟಿಯ ಹೆಸರು. ಇವತ್ತಿಗೂ ಯುದ್ಧಕಾಲದ ಜೀಪು ಸಾಕಿದವರು ಮಂತ್ರದ ಹಾಗೆ ಹೇಳೋ ಸಂಖ್ಯೆ ಅದು. ಸಾಫ್ಟ್‌ವೇರ್‌ನವರಿಗೆ ಇದನ್ನು ವಿವರಿಸಬೇಕಿಲ್ಲ. ಡೇಟಾಬೇಸ್ ಯಾರದ್ದೇ ಇರಲಿ, ಮ್ಯಾಪಿಂಗ್ ಟೇಬಲ್ ಸರಿಯಿದ್ದರೆ ಅರ್ಧ ತಲೆನೋವು ಕಡಿಮೆ.

ಈ ಗಾಡಿಗಳು ನಮ್ಮ ದೇಶಕ್ಕೆ ಬಂದದ್ದು ಬರ್ಮಾ ಯುದ್ಧರಂಗದ ದಾರಿಯಲ್ಲಿ. ಅಸ್ಸಾಮಿನ ಲೇಡೊದಿಂದ ಚೀನಾ ಕಡೆಗೆ ರಸ್ತೆ ಕಡಿಯುವಾಗ ಸಾಮಾನು ಹೊತ್ತವು. ಯುದ್ಧ ಮುಗಿದ ಮೇಲೆ ಅವನ್ನೆಲ್ಲ ವಾಪಸ್ ಒಯ್ಯೋದು ಅಮೆರಿಕಕ್ಕೆ ಲಾಭದ ಮಾತಾಗಿರಲಿಲ್ಲ. 1946ರ ಒಪ್ಪಂದದಲ್ಲಿ ಇಲ್ಲಿ ಉಳಿದಿದ್ದ ಅಮೆರಿಕನ್ ಯುದ್ಧಸಾಮಗ್ರಿ ಭಾರತ ಸರಕಾರದ ಕೈಗೆ ಬಂತು, ಆಮೇಲೆ ಹರಾಜಿಗೆ ಬಂತು. ಕೊಂಡವರಿಗೆ ಗಾಡಿ ಸಿಕ್ಕಿತು, ಅದರ ಹಿಂದಿದ್ದ ಸೇನೆಯ ಸ್ಟೋರು ಸಿಗಲಿಲ್ಲ. ಎಡಗಡೆ ಸ್ಟೀರಿಂಗು, ಆರು ವೋಲ್ಟಿನ ಬ್ಯಾಟರಿ, ಇಂಚಿನ ಲೆಕ್ಕದ ನಟ್ಟು. ಹೊಸ ಪಾರ್ಟು ಬೇಕಂದ್ರೆ ಸಮುದ್ರದಾಚೆ. ಹಾಗಾಗಿ ಒಂದು ಜೀಪು ಓಡಬೇಕಾದರೆ ಇನ್ನೊಂದು ಸಾಯಬೇಕಿತ್ತು. ಸತ್ತದ್ದರಿಂದ ಬಿಚ್ಚಿ ಬದುಕಿದ್ದಕ್ಕೆ ಹಾಕೋದು. ನಮ್ಮ ಗುಜರಿ ಅಂಗಡಿಗಳ ಮೂಲ ವಿದ್ಯೆಯೇ ಇದು. ಫೋರ್ಡ್, ವಿಲ್ಲೀಸ್ ಭೇದ ಇಲ್ಲದ್ದರಿಂದ ಆ ವಿದ್ಯೆ ನಡೆಯಿತು.

ಹಳೇ ಜೀಪು ಕೊಳ್ಳುವ ಕಷ್ಟ ಸರಕಾರಕ್ಕೂ ತಪ್ಪಲಿಲ್ಲ. 1948ರಲ್ಲಿ, ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದ್ದಾಗ, ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೇನೆಗೆ ಜೀಪು ಕೊಳ್ಳಲು ಒಂದು ವಿದೇಶಿ ಕಂಪನಿ ಜೊತೆ ಸುಮಾರು 80 ಲಕ್ಷ ರೂಪಾಯಿಯ ಕರಾರು ಮಾಡಿಕೊಂಡರು. ಬಂದದ್ದು 155 ಜೀಪು. ಅವೂ ಕೆಲಸಕ್ಕೆ ಬರೋ ಹಾಗಿರಲಿಲ್ಲ ಎಂಬ ದೂರು ಸಂಸತ್ತಿನ ತನಕ ಹೋಯಿತು. 1955ರಲ್ಲಿ ಸರಕಾರ ಪ್ರಕರಣ ಮುಗಿಯಿತು ಅಂತ ಹೇಳಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಅಂತ ಇದನ್ನೇ ಕರೆಯೋದು ರೂಢಿ.

ಅದೇ ಹೊತ್ತಿಗೆ ಮುಂಬಯಿಯಲ್ಲಿ ಬೇರೆ ದಾರಿಯೊಂದು ತೆರೆದುಕೊಂಡಿತು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿಯ ಪಾಲುದಾರ ಗುಲಾಂ ಮೊಹಮ್ಮದ್ ವಿಭಜನೆಯ ಹೊತ್ತಿಗೆ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಬೋರ್ಡಿನ ಮೇಲಿನ ಎರಡು 'ಎಂ' ಹಾಗೇ ಉಳಿದವು. 1949ರಲ್ಲಿ ವಿಲ್ಲೀಸ್‌ನಿಂದ ಬಿಡಿಬಿಡಿಯಾಗಿ ಬಂದ 75 ಗಾಡಿಗಳನ್ನು ಮಜಗಾಂವ್‌ನಲ್ಲಿ ಜೋಡಿಸಿದರು. ಪೂರ್ತಿ ಬಿಚ್ಚಿದ ಸ್ಥಿತಿಯಲ್ಲಿ ಬರೋ ಗಾಡಿಯ ಗುಣ ನೋಡಿ: ಅದನ್ನು ಜೋಡಿಸಿದವನಿಗೆ ಒಂದೊಂದು ಪಾರ್ಟೂ ಗೊತ್ತಾಗಿಬಿಡುತ್ತೆ. ಇದೊಂದನ್ನು ಇಲ್ಲೇ ಮಾಡಿದರೆ ಹೇಗೆ ಅನ್ನೋ ಪ್ರಶ್ನೆ ತಾನಾಗಿ ಹುಟ್ಟುತ್ತೆ.

ಆ ಪ್ರಶ್ನೆಯನ್ನು ದೆಹಲಿಯೂ ಕೇಳಿತು. 1953ರಲ್ಲಿ ಟ್ಯಾರಿಫ್ ಕಮಿಷನ್ ವರದಿ ಬಂತು. ಇಲ್ಲೇ ತಯಾರಿಸುವ ಯೋಜನೆ ಇದ್ದವರು ಇರಲಿ, ಬರೀ ಜೋಡಿಸುವವರು ಹೊರಡಲಿ ಅನ್ನೋದು ಅದರ ಸಾರ. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಬಾಗಿಲು ಹಾಕಿಕೊಂಡು ಹೋದವು. 1950ರ ದಶಕದ ಕೊನೆಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದು ಆಮದು ಇನ್ನೂ ಬಿಗಿಯಾಯಿತು. ಆಮದಾದ ಗಾಡಿ ಇಟ್ಟುಕೊಂಡವನ ಪಾಡು ಊಹಿಸಿ. ಗಾಡಿ ಇದೆ, ಕಂಪನಿ ಇಲ್ಲ. ದುಡ್ಡಿದ್ದರೂ ತರಿಸೋಕೆ ಲೈಸೆನ್ಸು ಬೇಕು.

ಈ ಖಾಲಿ ಜಾಗದಲ್ಲಿ ಬೆಳೆದದ್ದು ನಮ್ಮ ಬಜಾರುಗಳು. ದೆಹಲಿಯ ಕಶ್ಮೀರಿ ಗೇಟ್, ಕೋಲ್ಕತ್ತದ ಮಲ್ಲಿಕ್ ಬಜಾರ್, ಚೆನ್ನೈನ ಪುದುಪೇಟೆ, ನಮ್ಮ ಜೆ.ಸಿ. ರಸ್ತೆ. ಅಲ್ಲಿಯ ಅಂಗಡಿಯವನಿಗೆ ಮಾಡೆಲ್ ನಂಬರು ಹೇಳಿದರೆ ಸಾಲದು, ಹಳೇ ಪಾರ್ಟನ್ನೇ ಪೇಪರಿನಲ್ಲಿ ಸುತ್ತಿ ಒಯ್ಯಬೇಕು. ಅವನು ತಿರುಗಿಸಿ ನೋಡಿ, ಬೇಕಾದರೆ ವರ್ನಿಯರ್ ಹಾಕಿ ಅಳೆದು, ಒಂದೇ ಪ್ರಶ್ನೆ ಕೇಳ್ತಾನೆ: "ಒರಿಜಿನಲ್ಲಾ, ಕಂಪನೀದಾ, ಲೋಕಲ್ಲಾ?" ಆಮದಿನ ಮೂರು ದಶಕದ ಚರಿತ್ರೆ ಈ ಮೂರು ಪದದಲ್ಲಿದೆ. ಒರಿಜಿನಲ್ ಅಂದ್ರೆ ಹಡಗಿನಲ್ಲಿ ಬಂದದ್ದು. ಕಂಪನೀದು ಅಂದ್ರೆ ಇಲ್ಲಿಯ ತಯಾರಕರು ತಮ್ಮ ಹೆಸರಿನಲ್ಲಿ ಮಾಡಿದ್ದು. ಲೋಕಲ್ ಅಂದ್ರೆ ಯಾವುದೋ ಗಲ್ಲಿಯ ಲೇಥಿನಲ್ಲಿ ನೋಡಿ ನೋಡಿ ಮಾಡಿದ್ದು.

ಮಲೆನಾಡಿನ ನಮ್ಮೂರಲ್ಲಿ ತೋಟದ ಗೊಬ್ಬರಕ್ಕೂ ಜೀಪೇ, ಹೆರಿಗೆಗೆ ಪೇಟೆ ಆಸ್ಪತ್ರೆಗೆ ಹೋಗೋಕೂ ಜೀಪೇ ಆಗಿತ್ತು. ಪಾರ್ಟು ಬರ್ತಿದ್ದದ್ದು ರಾತ್ರಿ ಬಸ್ಸಿನ ಕಂಡಕ್ಟರ್ ಕೈಲಿ. ಬೆಂಗಳೂರಿಗೆ ಹಳೇದು ಹೋಗೋದು, ಎರಡು ದಿನ ಬಿಟ್ಟು ಹೊಸದು ಬರೋದು. ಒಂದು ಮಳೆಗಾಲದಲ್ಲಿ ಬಸ್ಸೇ ನಿಂತಾಗ, ಪೇಟೆಯ ಗ್ಯಾರೇಜಿನ ಸಾಹೇಬರು ಲೇಥಿನವರ ಹತ್ತಿರ ಕೂತು ಶಾಫ್ಟಿಗೊಂದು ಬುಷ್ ಕೊರೆಸಿಕೊಂಡು ಬಂದು ಹಾಕಿದ್ದು ನೆನಪಿದೆ. "ಇಷ್ಟು ಹಳೇ ಗಾಡಿಗೆ ಯಾಕೆ ಸಾಹೇಬ್ರೆ ಇಷ್ಟೆಲ್ಲ?" ಅಂತ ಯಾರೋ ಕೇಳಿದ್ದಕ್ಕೆ ಅವರು, "ಹಳೇದು ಅಂತ ಯಾರು ಹೇಳಿದ್ದು ಮಾರಾಯ್ರೆ? ಪಾರ್ಟು ಸಿಗೋ ತನಕ ಗಾಡಿ ಹೊಸದೇ" ಅಂದಿದ್ದರು. ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ಆಯುಷ್ಯದ ಬಗ್ಗೆ ಇದಕ್ಕಿಂತ ಒಳ್ಳೆ ವ್ಯಾಖ್ಯೆ ನನಗೆ ಸಿಗಲಿಲ್ಲ.

ಹುಡುಕಾಟದಲ್ಲಿ ಸಣ್ಣ ಸಣ್ಣ ಬಲೆಗಳಿವೆ. ಜೀಪು ಹುಟ್ಟಿದ್ದು ಇಂಚಿನ ಲೋಕದಲ್ಲಿ, ನಾವು 1956ರ ಕಾಯ್ದೆಯ ನಂತರ ಮೆಟ್ರಿಕ್‌ಗೆ ಹೊರಳಿದವರು. ಅರ್ಧ ಇಂಚು ಅಂದ್ರೆ 12.7 ಮಿಲಿಮೀಟರು. ಅದಕ್ಕೆ 13ರ ಪಾನ ಹಾಕಿದರೆ ಕೂತ ಹಾಗೇ ಅನ್ನಿಸುತ್ತೆ, ಜೋರಾಗಿ ತಿರುಗಿಸಿದಾಗ ನಟ್ಟಿನ ಮೂಲೆ ಸವೆದುಹೋಗುತ್ತೆ. ಯುದ್ಧಕಾಲದ ಜೀಪಿನ ಗೇರ್‌ಬಾಕ್ಸು ಬೇರೆ, ಯುದ್ಧಾನಂತರದ ಸಿಜೆ ಮಾದರಿಗಳದ್ದು ಬೇರೆ. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು ಇದ್ದರೆ ಸೇನೆಯದ್ದು, ಏಳಿದ್ದರೆ ಆಮೇಲಿನದ್ದು. ಅದನ್ನು ನೋಡಿ ಅಂಗಡಿಗೆ ಹೊರಡೋದು ವಾಸಿ. ಆದರೆ ಜಾಲರಿ ನಂಬಿದರೂ ಬಾನೆಟ್ ಎತ್ತಲೇಬೇಕು. 1970ರ ದಶಕದಲ್ಲಿ ಪೆಟ್ರೋಲ್ ದುಬಾರಿಯಾದ ಮೇಲೆ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ನು ಜೀಪಿಗೆ ಬಂತು, 80ರ ದಶಕದಲ್ಲಿ ಪ್ಯೂಜೋ ಡೀಸೆಲ್ ಬಂತು. ಹಳೇ ಗಾಡಿಗಳಿಗೂ ಜನ ಇವನ್ನೇ ಕೂರಿಸಿಕೊಂಡರು. ಅಮೆರಿಕದ ಚಾಸಿ, ಫ್ರಾನ್ಸಿನ ಎಂಜಿನ್ನು, ಊರಿನ ಬಡಗಿ ಮಾಡಿದ ಸೀಟು. ಹೊರಗಿನಿಂದ ನೋಡಿದರೆ ಎಲ್ಲವೂ ವಿಲ್ಲೀಸ್!

ಅತ್ತ ವಿಲ್ಲೀಸ್ ಏನಾಯಿತು? 1953ರಲ್ಲಿ ಕೈಸರ್ ಕೊಂಡುಕೊಂಡಿತು. ಜೀಪು 1970ರಲ್ಲಿ ಅಮೆರಿಕನ್ ಮೋಟರ್ಸ್‌ಗೆ, 1987ರಲ್ಲಿ ಕ್ರೈಸ್ಲರ್‌ಗೆ ಹೋಯಿತು. ಮಾಲೀಕರು ಬದಲಾದ ಹಾಗೆ ಅಲ್ಲಿ ಹಳೇ ಪಾರ್ಟುಗಳ ತಯಾರಿ ನಿಂತಿತು. ಆದರೆ ಅದೇ ವಂಶದ ಜೀಪನ್ನು ಜಪಾನಿನಲ್ಲಿ ಮಿತ್ಸುಬಿಷಿ 1998ರ ತನಕ ಮಾಡುತ್ತಲೇ ಇತ್ತು, ಇಲ್ಲಿ ಮಹೀಂದ್ರ ಅದಕ್ಕಿಂತಲೂ ಹೆಚ್ಚು ಕಾಲ ಮಾಡಿತು. ಪರಿಣಾಮ ಏನು ಗೊತ್ತಾ? ಹಳೇ ಜೀಪು ದುರಸ್ತಿ ಮಾಡುವ ಅಮೆರಿಕದವರು ಇವತ್ತು ಭಾರತದಿಂದ ಪಾರ್ಟು ತರಿಸಿಕೊಳ್ತಾರೆ. ಒಂದು ಕಾಲಕ್ಕೆ ನಾವು 'ಲೋಕಲ್' ಅಂತ ಮೂಗು ಮುರಿದದ್ದು ಅಲ್ಲಿ 'ಇಂಪೋರ್ಟೆಡ್'! ಅಲ್ಲಿಗೇ ಮುಗಿಯಲಿಲ್ಲ. 2018ರಲ್ಲಿ ಮಹೀಂದ್ರ ಅಮೆರಿಕದಲ್ಲಿ ರಾಕ್ಸರ್ ಎಂಬ ಗಾಡಿ ಬಿಟ್ಟಾಗ, ಅದು ಜೀಪಿನ ರೂಪವನ್ನೇ ಹೋಲುತ್ತೆ ಅಂತ ಫಿಯಟ್ ಕ್ರೈಸ್ಲರ್ ದೂರು ಕೊಟ್ಟಿತು. 2020ರಲ್ಲಿ ಅಲ್ಲಿಯ ವ್ಯಾಪಾರ ಆಯೋಗ ಫಿಯಟ್ ಕ್ರೈಸ್ಲರ್ ಪರ ತೀರ್ಪು ಕೊಟ್ಟಿತು, ಮಹೀಂದ್ರ ಗಾಡಿಯ ಮುಖ ಬದಲಿಸಬೇಕಾಯಿತು. ಬ್ಯಾಂಟಮ್‌ನ ನಕ್ಷೆ ಕೈಯಿಂದ ಕೈಗೆ ದಾಟಿದ ಕಥೆ ಗೊತ್ತಿದ್ದವರಿಗೆ ಇದು ಸ್ವಲ್ಪ ನಗು ತರಿಸುತ್ತೆ.

ಇಷ್ಟೆಲ್ಲ ಈಗ ಯಾಕೆ ಹೇಳಬೇಕು? ಈ ಸರಪಳಿ ಇನ್ನೂ ತುಂಡಾಗಿಲ್ಲ, ಆದರೆ ಸಡಿಲ ಆಗ್ತಿದೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರು-ಜೀಪಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 5,000 ಆಯಿತು, ಆಮದಾದದ್ದಕ್ಕೆ 40,000. ಹೊಗೆಯ ದೃಷ್ಟಿಯಿಂದ ಅದಕ್ಕೆ ಕಾರಣ ಇದೆ, ನಾನೇನೂ ಅಲ್ಲಗಳೆಯಲ್ಲ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ 'ವಿಂಟೇಜ್' ಅನ್ನೋ ಗೌರವ ಇದೆ. ಆದರೆ ಆ ಗೌರವ ತಗೊಂಡರೆ ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನಕ್ಕೆ ಒರೆಸಿಟ್ಟ ಜೀಪಿಗೆ ಕಾನೂನಿನಲ್ಲಿ ಒಂದು ಹೆಸರಿದೆ, ಗೊಬ್ಬರ ಹೊರೋ ಜೀಪಿಗೆ ಇಲ್ಲ. ಹಳೇ ಚಾಸಿಗೆ ಬೇರೆ ಎಂಜಿನ್ನು ಕೂರಿಸುವ ನಮ್ಮ ಹಳೇ ರೂಢಿಗೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಇದೆ.

ಇನ್ನೊಂದು ಕಡೆ ನಾವು ಇಎಂಐ ಕಟ್ಟಿ ಕೊಳ್ಳೋ ಹೊಸ ಎಸ್‌ಯುವಿಗಳನ್ನು ನೋಡಿ. ಅವುಗಳ ಪಾರ್ಟು ಲೇಥಿನಲ್ಲಿ ಹುಟ್ಟೋದಿಲ್ಲ. ಸೆನ್ಸರ್ ಬದಲಿಸಿದರೂ ಅದನ್ನು ಗಾಡಿಯ ಕಂಪ್ಯೂಟರು ಒಪ್ಪಬೇಕು, ಒಪ್ಪಿಸುವ ಸಾಫ್ಟ್‌ವೇರು ಕಂಪನಿಯ ಹತ್ತಿರ ಇರುತ್ತೆ. ಅಂಥ ಬೀಗದ ಕೋಡು ಬರೆಯೋರು ನಮ್ಮಂಥವರೇ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು, ಮೊಬೈಲ್, ಕೃಷಿ ಯಂತ್ರ, ಮನೆಬಳಕೆಯ ಉಪಕರಣಗಳ ಜೊತೆ ವಾಹನಗಳನ್ನೂ ಸೇರಿಸಿತು. ಒಳ್ಳೆ ಹೆಜ್ಜೆ. ಆದರೆ ಪೋರ್ಟಲ್ಲಿನಲ್ಲಿ ಮಾಹಿತಿ ಹಾಕೋದು ಬೇರೆ, ಇವನ ಪಾರ್ಟು ಅವನ ಗಾಡಿಗೆ ಕೂರಲೇಬೇಕು ಅನ್ನೋದು ಬೇರೆ. 1941ರಲ್ಲಿ ಎರಡನೆಯದನ್ನು ಹೇಳುವ ಧೈರ್ಯ ಕೊಂಡುಕೊಳ್ಳುವವರಿಗಿತ್ತು. ಫೋರ್ಡ್‌ನಂಥ ಕಂಪನಿ ಕೂಡ ಹೆಸರಿನ ಆಸೆಯನ್ನು ಬೋಲ್ಟಿನ ತಲೆಗೆ ಸೀಮಿತ ಮಾಡಿಕೊಂಡಿತು.

ಕೊಡಚಾದ್ರಿಗೆ ಹೋದವರು ನೋಡಿರ್ತೀರಿ. ಕೆಂಪು ಮಣ್ಣಿನ ಆ ಹಾದಿಯಲ್ಲಿ ಹಳೇ ಜೀಪುಗಳು ಜನರನ್ನು ತುಂಬಿಕೊಂಡು ಇವತ್ತಿಗೂ ಹತ್ತುತ್ತವೆ. ಮುಂದಿನ ಸಲ ಮೇಲೆ ಹೋಗಿ ಫೋಟೋ ತೆಗೆದಾದ ಮೇಲೆ, ಇಳಿಯೋ ಮುಂಚೆ ಡ್ರೈವರಣ್ಣನ ಹತ್ತಿರ ಒಂದು ಮಾತು ಕೇಳಿ: "ಅಣ್ಣಾ, ಇದಕ್ಕೆ ಪಾರ್ಟು ಎಲ್ಲಿಂದ ತರ್ತೀರಿ?" ಉತ್ತರ ಬೇಗ ಮುಗಿಯೋದಿಲ್ಲ, ಹಾಗಾಗಿ ಸ್ವಲ್ಪ ಟೈಮು ಇಟ್ಟುಕೊಂಡೇ ಕೇಳಿ.